ಅರಸಿದ ತಾಣಗಳು, ಅರಸದೆ ದೊರೆತ ಕುರುಹುಗಳು

ಯೆರೂಸಲೇಮಿನಿಂದ ಹೊರಟು ಗಲಿಲಾಯ, ಸಿರಿಯ, ಏಷ್ಯಾಮೈನರುಗಳನ್ನು ಹಾದು ಗ್ರೀಸಿನ ಕೊರಿಂಥದವರೆಗೆ ಹಬ್ಬಿರುವ ಆದಿಕ್ರೈಸ್ತ ನೆಲೆಗಳನ್ನು ಕ್ರಮವಾಗಿ ನೋಡಿಬರುವ ಅಧ್ಯಯನ ಪ್ರವಾಸವು ಇಂದು ವಿಶ್ವವಿದ್ಯಾಲಯಗಳಿಗೂ ದೇವಜ್ಞಾನದ ಪಾಠಶಾಲೆಗಳಿಗೂ ವಾಡಿಕೆಯ ಮಾತಾಗಿದೆ. ಆದರೆ ಹೀಗೆ ಹೊರಟವರು ಅಲ್ಲಿ ನೋಡತಕ್ಕುದು ಏನನ್ನು ಎಂಬ ಪ್ರಶ್ನೆಗೆ ಒಂದೊಂದು ಕಾಲವೂ ಒಂದೊಂದು ಉತ್ತರವನ್ನು ಕೊಟ್ಟಿದೆ. ನಾಲ್ಕನೆಯ ಶತಮಾನದ ಯಾತ್ರಿಕನಿಗೆ ಆ ನೆಲವು ಪವಿತ್ರ ಘಟನೆಗಳು ನಡೆದ ಸ್ಥಳ. ಹತ್ತೊಂಬತ್ತನೆಯ ಶತಮಾನದ ಪಂಡಿತನಿಗೆ ಶಾಸ್ತ್ರವಚನವನ್ನು ಉಜ್ಜಿನೋಡುವ ಒರೆಗಲ್ಲು. ನಮ್ಮ ಕಾಲದ ಪುರಾತತ್ತ್ವಜ್ಞನಿಗಾದರೋ, ಚರಿತ್ರೆಯಲ್ಲಿ ಹೆಸರಿಲ್ಲದ ಜನ ಹೊಸದೊಂದು ನಂಬಿಕೆಯನ್ನು ತಮ್ಮ ಮನೆ, ತೋಟ, ಸಮಾಧಿಗಳ ನಡುವೆ ಹೇಗೆ ಬಾಳಿದರೆಂಬುದರ ದಾಖಲೆ. ಈ ಮಾರ್ಪಾಟಿನ ಇತಿಹಾಸವನ್ನು ಮೊದಲಿನಿಂದ ಪರಿಶೀಲಿಸುತ್ತ ಬಂದರೆ ವಿಚಿತ್ರವಾದ ಸಂಗತಿಯೊಂದು ಎದ್ದು ಕಾಣುತ್ತದೆ: ಶ್ರದ್ಧೆಯಿಂದಲೂ ಛಲದಿಂದಲೂ ಅರಸಿದವರಿಗೆ ದೊರೆತುದು ಬಹುಮಟ್ಟಿಗೆ ವಿವಾದ; ಗಟ್ಟಿಯಾದ ಆಧಾರಗಳು ಕೈಗೆ ಬಂದುದು ಬೇರೆ ಏನನ್ನೋ ಅರಸುತ್ತಿದ್ದವರಿಗೆ, ಇಲ್ಲವೆ ಏನನ್ನೂ ಅರಸದಿದ್ದವರಿಗೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರೈಸ್ತಮತಕ್ಕೆ ಆಶ್ರಯವಿತ್ತುದು ನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ. ಅದಕ್ಕೂ ಹಿಂದಿನ ಎರಡೂಮುಕ್ಕಾಲು ಶತಮಾನಗಳ ಬಹುಭಾಗ ಈ ಮತದವರಿಗೆ ತಮ್ಮದೇ ಆದ ದೇವಾಲಯವಿರಲಿಲ್ಲ, ವಿಶಿಷ್ಟವಾದ ಶಿಲ್ಪವಿರಲಿಲ್ಲ. ಅವರು ನೆರೆಹೊರೆಯವರಂತೆಯೇ ಉಟ್ಟು, ಅದೇ ಮಡಕೆಗಳಲ್ಲಿ ಉಂಡು, ಯಾರದೋ ಮನೆಯ ಊಟದ ಕೋಣೆಯಲ್ಲಿ ಸೇರಿ ಪ್ರಾರ್ಥಿಸಿದವರು. ಅಂತಹವರ ಜಾಡನ್ನು ಮಣ್ಣಿನಲ್ಲಿ ಗುರುತಿಸುವುದೆಂತು? ಈ ತೊಡಕನ್ನು ಒಪ್ಪಿಕೊಳ್ಳುವುದಕ್ಕೆ ವಿದ್ವಲ್ಲೋಕಕ್ಕೆ ಬಹಳ ಕಾಲ ಹಿಡಿಯಿತು.

ಕ್ರಿಸ್ತಶಕ 333ರಲ್ಲಿ ಗಾಲ್ ದೇಶದ ಬೋರ್ಡೋ ಪಟ್ಟಣದಿಂದ ಯೆರೂಸಲೇಮಿಗೆ ಬಂದ ಅನಾಮಧೇಯ ಯಾತ್ರಿಕನೊಬ್ಬನು ದಾರಿಯುದ್ದಕ್ಕೂ ಕುದುರೆ ಬದಲಿಸಿದ ತಾಣಗಳನ್ನೂ ಹರದಾರಿಗಳನ್ನೂ ಬರೆದಿಟ್ಟಿದ್ದಾನೆ. ಅರ್ಧ ಶತಮಾನ ಕಳೆದ ಮೇಲೆ ಬಂದ ಎಗೀರಿಯ ಎಂಬ ಮಹಿಳೆಯ ಬರಹವು ಇದಕ್ಕಿಂತ ಎಷ್ಟೋ ಪಾಲು ಜೀವಂತವಾದುದು. ಒಂದೊಂದು ಸ್ಥಳವನ್ನು ಮುಟ್ಟಿದಾಗಲೂ ಅಲ್ಲಿ ನಡೆಯಿತೆಂದು ಹೇಳುವ ಕಥಾಭಾಗವನ್ನು ಗ್ರಂಥದಿಂದ ಓದಿಸಿ, ಕೀರ್ತನೆಯೊಂದನ್ನು ಹೇಳಿಸಿ, ಪ್ರಾರ್ಥಿಸಿ ಮುಂದುವರಿಯುವುದು ಆಕೆಯ ಪದ್ಧತಿ. ಗೈಡುಗಳು ಹೇಳಿದ್ದನ್ನೆಲ್ಲ ಆಕೆ ಬಹುಮಟ್ಟಿಗೆ ನಂಬಿದಳೆಂದು ಕೆಲವರು ನಗುವುದುಂಟು; ಆದರೆ ಯೆರೂಸಲೇಮಿನ ಪ್ರಾಚೀನ ಆರಾಧನಾಕ್ರಮದ ವಿಷಯದಲ್ಲಿ ನಮಗಿರುವ ಅತ್ಯಮೂಲ್ಯ ಸಾಕ್ಷ್ಯ ಆಕೆಯದೇ. ಆ ಲ್ಯಾಟಿನ್ ಬರಹವಾದರೂ ಇಟಲಿಯ ಅರೆಟ್ಸೊ ಊರಿನ ಹಸ್ತಪ್ರತಿಯೊಂದರಲ್ಲಿ 1884ರವರೆಗೆ ಅಜ್ಞಾತವಾಗಿ ಬಿದ್ದಿದ್ದಿತು.

ಮಧ್ಯಯುಗದ ಯಾತ್ರಾವೃತ್ತಾಂತಗಳನ್ನು ಇಲ್ಲಿ ದಾಟಿಹೋಗಬಹುದು. ಅವು ಹೆಚ್ಚಾಗಿ ಹಿಂದಿನವರ ಮಾತಿನ ಪುನರುಕ್ತಿ. ಸಂಪ್ರದಾಯವನ್ನು ಮೊದಲಬಾರಿಗೆ ಕ್ರಮಬದ್ಧವಾಗಿ ಸಂದೇಹಿಸಿದವನು ಅಮೆರಿಕದ ಎಡ್ವರ್ಡ್ ರಾಬಿನ್ಸನ್. 1838ರಲ್ಲಿ, ಅರಬ್ಬೀ ಭಾಷೆಯನ್ನು ಬಲ್ಲ ಈಲೈ ಸ್ಮಿತ್ ಎಂಬ ಮಿಷನರಿಯ ಸಹಾಯದಿಂದ ಪ್ಯಾಲೆಸ್ತೀನನ್ನು ಸುತ್ತಿದ ಈತನು ಮಠಗಳ ಸನ್ಯಾಸಿಗಳು ತೋರಿಸಿದ ತಾಣಗಳನ್ನು ಬದಿಗಿಟ್ಟು, ಹಳ್ಳಿಯ ರೈತರು ನಾಲಗೆಯ ಮೇಲೆ ಉಳಿಸಿಕೊಂಡು ಬಂದಿದ್ದ ಊರ ಹೆಸರುಗಳನ್ನು ಆಶ್ರಯಿಸಿದನು. ಕ್ರಿಸ್ತನ ಸಮಾಧಿಯೆಂದು ಪೂಜೆಗೊಳ್ಳುತ್ತಿರುವ ಸ್ಥಳವು ಈಗಿನ ಕೋಟೆಯ ಒಳಗಿರುವುದರಿಂದ ಅದು ನಿಜವಾದುದಾಗಿರಲಾರದೆಂದು ಆತನು ವಾದಿಸಿದ್ದು ದೊಡ್ಡ ಕೋಲಾಹಲಕ್ಕೆ ಕಾರಣವಾಯಿತು. 1960ರ ದಶಕದಲ್ಲಿ ಕ್ಯಾಥ್ಲೀನ್ ಕೆನ್ಯನ್ ಹತ್ತಿರದಲ್ಲಿಯೇ ಅಗೆದು, ಆ ಪ್ರದೇಶವು ಹಿಂದೆ ಕಲ್ಲುಗಣಿಯಾಗಿದ್ದು ಕ್ರಿಸ್ತನ ಕಾಲದಲ್ಲಿ ಊರಗೋಡೆಯ ಹೊರಗಿದ್ದಿತೆಂದು ತೋರಿಸಿದ ಮೇಲೆ ರಾಬಿನ್ಸನ್ನನ ಆಕ್ಷೇಪ ಸಡಿಲವಾಯಿತು. ಆಕ್ಷೇಪ ಬಿದ್ದಿತೆಂದ ಮಾತ್ರಕ್ಕೆ ಸಂಪ್ರದಾಯ ಸಿದ್ಧವಾಯಿತೆಂದಲ್ಲ. ಈ ಎರಡನ್ನೂ ಒಂದೆಂದು ಎಣಿಸುವ ಅವಸರವು ಇಂದಿಗೂ ಮಾರ್ಗದರ್ಶಿ ಪುಸ್ತಕಗಳನ್ನು ಬಿಟ್ಟಿಲ್ಲ.

ಅಧ್ಯಯನ ಪ್ರವಾಸವು ಒಂದು ಸಂಸ್ಥೆಯ ರೂಪವನ್ನು ತಾಳಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಫ್ರೆಂಚ್ ದೊಮಿನಿಕನ್ ಪಾದ್ರಿ ಲಗ್ರಾಂಜ್ 1890ರಲ್ಲಿ ಯೆರೂಸಲೇಮಿನಲ್ಲಿ ತೆರೆದ ಎಕೋಲ್ ಬಿಬ್ಲಿಕ್ ಎಂಬ ಶಾಲೆಯು ತನ್ನ ವಿದ್ಯಾರ್ಥಿಗಳನ್ನು ಕುದುರೆ ಒಂಟೆಗಳ ಮೇಲೆ ಸಿನಾಯಿಯವರೆಗೂ ಪೆಟ್ರದವರೆಗೂ ಕರೆದೊಯ್ಯುತ್ತಿತ್ತು. ಗ್ರಂಥವನ್ನು ಅದು ಹುಟ್ಟಿದ ನೆಲದಲ್ಲಿ ನಿಂತು ಓದತಕ್ಕದ್ದೆಂಬುದು ಅದರ ತತ್ತ್ವ. ಎಗೀರಿಯಳೂ ಅದನ್ನೇ ಮಾಡಿದಳಲ್ಲವೆ ಎಂದರೆ, ಹೌದು. ಆದರೆ ಆಕೆ ಓದಿ ಪ್ರಾರ್ಥಿಸಿದ ಎಡೆಯಲ್ಲಿ ಇವರು ಓದಿ, ಅಳತೆ ತೆಗೆದು, ಶಾಸನದ ಪಡಿಯಚ್ಚನ್ನು ಒತ್ತಿಕೊಂಡರು.

ಏಷ್ಯಾಮೈನರಿನಲ್ಲಿ ಈ ಕಾರ್ಯವನ್ನು ಬಹುತೇಕ ಒಬ್ಬನೇ ಹೊತ್ತವನು ಸ್ಕಾಟ್ಲೆಂಡಿನ ವಿಲಿಯಂ ರ್‍ಯಾಮ್ಸೆ. ಅಪೊಸ್ತಲರ ಕೃತ್ಯಗಳೆಂಬ ಗ್ರಂಥವು ಎರಡನೆಯ ಶತಮಾನದಲ್ಲಿ ಕಲ್ಪಿತವಾದುದೆಂಬ ಜರ್ಮನ್ ಪಂಡಿತರ ಮತವನ್ನು ನಂಬಿಯೇ 1880ರಲ್ಲಿ ಅಲ್ಲಿಗೆ ಹೋದ ಈತನು, ಇಕೋನ್ಯ ಪಟ್ಟಣವು ಯಾವ ಸೀಮೆಗೆ ಸೇರಿತ್ತೆಂಬಂತಹ ಸಣ್ಣ ವಿವರಗಳಲ್ಲಿ ಆ ಗ್ರಂಥದ ಮಾತು ಸ್ಥಳದ ವಾಸ್ತವಕ್ಕೆ ಹೊಂದುವುದನ್ನು ಕಂಡು ಮನಸ್ಸನ್ನು ಬದಲಿಸಿಕೊಂಡನು. ಈ ಮನಃಪರಿವರ್ತನೆಯ ಕಥೆಯನ್ನು ಧರ್ಮಬೋಧಕರು ಇಂದಿಗೂ ಉತ್ಸಾಹದಿಂದ ಹೇಳುತ್ತಾರೆ. ನನಗಾದರೋ ರ್‍ಯಾಮ್ಸೆಯ ಈ ವಾದಗಳಿಗಿಂತ ಆತನು ದಾರಿಯಲ್ಲಿ ಎಡವಿದ ಕಲ್ಲುಗಳೇ ಮಿಗಿಲಾಗಿ ತೋರುತ್ತವೆ. ಏಕೆಂದರೆ ಊರು ಕೇರಿಗಳನ್ನು ಸರಿಯಾಗಿ ಹೇಳಿದ ಲೇಖಕನು ಘಟನೆಗಳನ್ನೂ ಸರಿಯಾಗಿಯೇ ಹೇಳಿದನೆಂಬುದು ತರ್ಕಕ್ಕೆ ನಿಲ್ಲುವುದಿಲ್ಲ, ಕಲ್ಲಿನ ಸಾಕ್ಷ್ಯಕ್ಕೆ ಅಂತಹ ತೊಡಕಿಲ್ಲ. 1883ರಲ್ಲಿ ಫ್ರುಗ್ಯ ಸೀಮೆಯ ಸ್ನಾನಗೃಹವೊಂದರ ಗೋಡೆಯಲ್ಲಿ ದೊರೆತ ಅಬರ್ಸಿಯಸ್ ಎಂಬ ಬಿಷಪನ ಸಮಾಧಿಶಾಸನದ ತುಂಡುಗಳು ಅಂತಹವು. ತಾನು ರೋಮಿಗೂ ಸಿರಿಯಕ್ಕೂ ಯೂಫ್ರೆಟಿಸಿನ ಆಚೆಗೂ ಸಂಚರಿಸಿದುದನ್ನು, ಹೋದೆಡೆಯಲ್ಲೆಲ್ಲ ಮೀನು, ದ್ರಾಕ್ಷಾರಸ, ರೊಟ್ಟಿಗಳ ಭೋಜನವು ತನಗೆ ದೊರೆತುದನ್ನು ಆತನು ಬಲ್ಲವರಿಗಷ್ಟೇ ತಿಳಿಯುವ ಸಂಕೇತಭಾಷೆಯಲ್ಲಿ ಕೊರೆಯಿಸಿದ್ದಾನೆ. ಈ ಪದ್ಯವನ್ನು ಅನುಕರಿಸಿದ ಇನ್ನೊಂದು ಗೋರಿಕಲ್ಲಿನ ಮೇಲೆ 216ಕ್ಕೆ ಸರಿಹೊಂದುವ ವರ್ಷದ ಅಂಕೆ ಇರುವುದರಿಂದ ಅಬರ್ಸಿಯಸನ ಕಾಲ ಅದಕ್ಕೂ ಹಿಂದಿನದೆಂಬುದು ಖಚಿತ. ಕಾಲವನ್ನು ನಿಶ್ಚಯಿಸಬಹುದಾದ ಕ್ರೈಸ್ತ ಶಾಸನಗಳಲ್ಲಿ ಇದಕ್ಕಿಂತ ಹಳೆಯದು ದುರ್ಲಭ.

ಅಪೊಸ್ತಲ ಪೌಲನ ಜೀವನದ ಕಾಲಗಣನೆಗೆ ಆಧಾರಸ್ತಂಭ ದೊರೆತ ಬಗೆಯಂತೂ ಇನ್ನೂ ವಿಚಿತ್ರವಾದುದು. 1892ರಿಂದ ಫ್ರೆಂಚರು ಗ್ರೀಸಿನ ಡೆಲ್ಫಿಯಲ್ಲಿ ಅಗೆಯುತ್ತಿದ್ದುದು ಅಪೊಲೊ ದೇವತೆಯ ಕ್ಷೇತ್ರವನ್ನು. ಪೌಲನ ಗೊಡವೆ ಅವರಿಗಿರಲಿಲ್ಲ. ಅಲ್ಲಿಯ ಒಡಕು ಕಲ್ಲುಗಳಲ್ಲಿ ಚಕ್ರವರ್ತಿ ಕ್ಲಾಡಿಯಸನ ಪತ್ರವೊಂದಿದ್ದು, ಅದರಲ್ಲಿ ಗಲ್ಲಿಯೋನನು ಅಖಾಯದ ಅಧಿಪತಿಯೆಂದು ಉಲ್ಲೇಖಿತನಾಗಿರುವುದನ್ನು ಎಮಿಲ್ ಬೂರ್ಗೆ 1905ರಲ್ಲಿ ಪ್ರಕಟಿಸಿದನು. ಕೊರಿಂಥದಲ್ಲಿ ಪೌಲನನ್ನು ಎಳೆದು ತಂದು ನಿಲ್ಲಿಸಿದ ನ್ಯಾಯಾಸನ ಇದೇ ಗಲ್ಲಿಯೋನನದು. ಪತ್ರದ ತಾರೀಖು 52ನೆಯ ವರ್ಷದತ್ತ ಬೊಟ್ಟುಮಾಡುವುದರಿಂದ ಪೌಲನ ಕೊರಿಂಥ ವಾಸ್ತವ್ಯವು ಐವತ್ತರ ಆಸುಪಾಸಿಗೆ ಕಟ್ಟುಬಿದ್ದಿತು. ಆತನ ಉಳಿದ ಪಯಣಗಳನ್ನೆಲ್ಲ ಪಂಡಿತರು ಇಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸುತ್ತಾರೆ.

ಈಜಿಪ್ಟಿನ ಪಪೈರಸ್ ಶೋಧನೆಯದು ಬೇರೊಂದು ದೊಡ್ಡ ಪ್ರಕರಣ. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಆಕ್ಸ್‌ಫರ್ಡ್ ವಿದ್ವಾಂಸರು ಆಕ್ಸಿರಿಂಕಸ್ ಊರಿನ ಕಸದ ದಿಬ್ಬಗಳನ್ನು ಅಗೆದು 1897ರಲ್ಲಿ ಯೇಸುವಿನ ಮಾತುಗಳ ಹಾಳೆಯೊಂದನ್ನು ಹೊರತಂದರು; 1945ರಲ್ಲಿ ನಾಗ್ ಹಮ್ಮಾದಿಯಲ್ಲಿ ರೈತರಿಗೆ ದೊರೆತ ಹೊತ್ತಗೆಗಳಿಂದ ಅದು ತೋಮನ ಸುವಾರ್ತೆಯ ಭಾಗವೆಂದು ಮುಂದೆ ತಿಳಿದುಬಂದಿತು. ಕನ್ನಡಿಗರು ಬಹುಕಾಲ ಚರ್ಚಿಸಿದ ಗ್ರೀಕ್ ಪ್ರಹಸನ, ಯಾವುದರಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಷ್, ಶಾಮಶಾಸ್ತ್ರಿ ಮೊದಲಾದವರು ವಾದಿಸಿದರೋ ಅದು, ಇದೇ ದಿಬ್ಬಗಳಿಂದ ಬಂದುದು. ಆ ಪ್ರಹಸನವನ್ನು ಕುರಿತು ಆಸಕ್ತಿಯಿಂದ ಬರೆದ ಗೋವಿಂದ ಪೈಗಳೇ ಕ್ರಿಸ್ತನ ಕಡೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಕಾವ್ಯವನ್ನೂ ರಚಿಸಿದರೆಂಬುದು ಇಲ್ಲಿ ನೆನೆಯಬಹುದಾದ ಸಂಗತಿ. ಪ್ರಹಸನದ ಭಾಷೆಯ ವಿಷಯದಲ್ಲಿ ಒಮ್ಮತವಿನ್ನೂ ಆಗಿಲ್ಲ.

ಇಷ್ಟಾದರೂ ಕಾನ್‌ಸ್ಟಂಟೈನನಿಗೆ ಹಿಂದಿನ ಪ್ರಾರ್ಥನಾಮಂದಿರವೊಂದನ್ನು ಯಾರೂ ಕಂಡಿರಲಿಲ್ಲ. 1920ರಲ್ಲಿ ಯೂಫ್ರೆಟಿಸ್ ದಡದ ಸಾಲಿಹಿಯೆ ಎಂಬಲ್ಲಿ ಬ್ರಿಟಿಷ್ ಸೇನೆಯ ಸಿಪಾಯಿಗಳು ಕಂದಕ ತೋಡುತ್ತಿರಲು ಬಣ್ಣದ ಗೋಡೆಯೊಂದು ಕಾಣಿಸಿಕೊಂಡಿತು. ಇದು ಡ್ಯೂರಾ ಯುರೋಪಸ್ ಎಂಬ ಗಡಿನಾಡ ಪಟ್ಟಣ. ಫ್ರಾಂಜ್ ಕ್ಯೂಮಾಂಟ್ ಆರಂಭಿಸಿದ ಉತ್ಖನನವನ್ನು 1928ರಿಂದ 1937ರವರೆಗೆ ಯೇಲ್ ವಿಶ್ವವಿದ್ಯಾಲಯವೂ ಫ್ರೆಂಚ್ ಅಕಾಡೆಮಿಯೂ ಕೂಡಿ ನಡೆಸಿದುವು. ಸಸಾನಿಯನ್ ಪಾರಸಿಕರು ಮುತ್ತಿಗೆಯಿಟ್ಟಾಗ ಊರವರು ಪಶ್ಚಿಮದ ಕೋಟೆಗೋಡೆಗೆ ಒತ್ತಾಸೆಯಾಗಿ ಒಳಬದಿಯ ಬೀದಿಯನ್ನೂ ಮನೆಗಳನ್ನೂ ಮಣ್ಣಿನಿಂದ ತುಂಬಿದ್ದರು. ಪಟ್ಟಣವು 256ರ ಹೊತ್ತಿಗೆ ಬಿದ್ದು ಶಾಶ್ವತವಾಗಿ ಹಾಳಾಯಿತು. ಮಣ್ಣು ತುಂಬಿದ ಆ ಬೀದಿ ಮಾತ್ರ ಬಣ್ಣದೊಡನೆ ಉಳಿಯಿತು. 1932ರಲ್ಲಿ ಅಲ್ಲಿ ಹೊರಬಿದ್ದ ಸಾಧಾರಣವಾದ ಅಂಗಳದ ಮನೆಯೊಂದರ ಗಾರೆಯಲ್ಲಿ 232-33ರ ತಾರೀಖು ಗೀಚಿತ್ತು. ಎರಡು ಕೋಣೆಗಳ ನಡುವಣ ಗೋಡೆಯನ್ನು ಕೆಡವಿ ಸಭೆ ಸೇರುವ ಅಂಕಣವನ್ನಾಗಿ ಮಾಡಿದ್ದರು. ಮತ್ತೊಂದು ಕಿರುಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ. ಅದರ ಸುತ್ತ ಕುರುಬನೂ, ಹಾಸಿಗೆ ಹೊತ್ತು ನಡೆವ ಪಾರ್ಶ್ವವಾಯು ರೋಗಿಯೂ, ನೀರಿನ ಮೇಲೆ ನಡೆಯುವ ಪೇತ್ರನೂ, ಸಮಾಧಿಯ ಬಳಿಗೆ ಬರುವ ಸ್ತ್ರೀಯರೂ. ಚಿತ್ರಗಾರನ ಕೈ ಅಷ್ಟೇನೂ ನುರಿತುದಲ್ಲ. ಅದೇ ಬೀದಿಯಲ್ಲಿ ಯೆಹೂದ್ಯರ ಪ್ರಾರ್ಥನಾಲಯವು ನೆಲದಿಂದ ಮಾಡಿನವರೆಗೆ ಚಿತ್ರಮಯವಾಗಿ ನಿಂತಿತ್ತು. ಕೊಂಚ ದೂರದಲ್ಲಿ ಸೈನಿಕರ ಮಿತ್ರದೇವನ ಗುಡಿಯಿತ್ತು. ಯೆಹೂದ್ಯರು ಮೂರ್ತಿಚಿತ್ರಗಳನ್ನು ಒಲ್ಲರೆಂದೂ, ಕ್ರೈಸ್ತರು ಭಯದಿಂದ ಅಡಗಿ ಬಾಳಿದರೆಂದೂ ಅದುವರೆಗೆ ಬರೆದಿದ್ದವರೆಲ್ಲ ತಮ್ಮ ಅಧ್ಯಾಯಗಳನ್ನು ತಿದ್ದಿಕೊಳ್ಳಬೇಕಾಯಿತು.

ಡ್ಯೂರಾದ ಯಶಸ್ಸು ಮನೆ-ಮಂದಿರಗಳನ್ನು ಹುಡುಕುವ ಹಂಬಲವನ್ನು ಹೆಚ್ಚಿಸಿತು. 1968ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ವಿರ್ಜಿಲಿಯೊ ಕೊರ್ಬೊ ಕಪೆರ್ನೌಮಿನಲ್ಲಿ ಐದನೆಯ ಶತಮಾನದ ಅಷ್ಟಕೋನ ಮಂದಿರದ ಅಡಿಯಲ್ಲಿ ಒಂದನೆಯ ಶತಮಾನದ ಮನೆಯೊಂದನ್ನು ತೆರೆದು ಅದು ಪೇತ್ರನದೆಂದು ಸಾರಿದನು. ನಜರೇತಿನಲ್ಲಿ ಅಗೆದ ಬಗಾಟಿ ಎಂಬ ಪಾದ್ರಿ, ಯೆಹೂದ್ಯಕ್ರೈಸ್ತರು ಈ ತಾಣಗಳನ್ನು ಮೊದಲಿನಿಂದಲೂ ಕಾಪಾಡಿಕೊಂಡು ಬಂದರೆಂಬ ಸಿದ್ಧಾಂತವನ್ನು ಕಟ್ಟಿದನು. 1993ರಲ್ಲಿ ಜೋನ್ ಟೇಲರ್ ಈ ಸಿದ್ಧಾಂತದ ಬುಡವನ್ನೇ ಅಲುಗಿಸಿ, ತೀರ್ಥಕ್ಷೇತ್ರಗಳ ಕಲ್ಪನೆಯೇ ನಾಲ್ಕನೆಯ ಶತಮಾನದ್ದೆಂದು ವಾದಿಸಿದಳು. ನನ್ನ ಒಲವು ಆಕೆಯ ಕಡೆಗೆ. ಕಪೆರ್ನೌಮಿನ ಮನೆಯನ್ನು ಒಂದು ಕಾಲದಲ್ಲಿ ಜನ ವಿಶೇಷವಾಗಿ ಗೌರವಿಸಿದರೆಂಬುದು ನಿಜ; ಅದು ಯಾರ ಮನೆಯೆಂಬುದನ್ನು ಗೋಡೆಗಳು ಹೇಳುವುದಿಲ್ಲ.

ಒಬ್ಬ ಮಹಾಪುರುಷನನ್ನೂ ಅರಸದೆ ನಡೆದ ಶೋಧನೆಯ ಸೊಗಸನ್ನು ಕಾಣಬೇಕಾದರೆ ಉತ್ತರ ಸಿರಿಯದ ಸುಣ್ಣಕಲ್ಲಿನ ಬೆಟ್ಟಗಳಿಗೆ ಹೋಗಬೇಕು. ಒಂದರಿಂದ ಏಳನೆಯ ಶತಮಾನದವರೆಗೆ ಬಾಳಿ ಆಮೇಲೆ ಮೆಲ್ಲಮೆಲ್ಲನೆ ತೆರವಾದ ನೂರಾರು ಹಳ್ಳಿಗಳು ಅಲ್ಲಿ ಗೋಡೆ, ಗವಾಕ್ಷ, ಗಾಣಗಳ ಸಮೇತ ನಿಂತಿವೆ. 1860ರ ದಶಕದಲ್ಲಿ ಇವನ್ನು ಯುರೋಪಿಗೆ ಪರಿಚಯಿಸಿದ ಮೆಲ್ಕಿಯರ್ ದ ವೊಗ್ಯುವೆಗಾಗಲಿ, 1899ರಿಂದ ಅಳೆದು ಚಿತ್ರಿಸಿದ ಪ್ರಿನ್ಸ್‌ಟನ್ನಿನ ಹೊವರ್ಡ್ ಕ್ರಾಸ್ಬಿ ಬಟ್ಲರನಿಗಾಗಲಿ ಮುಖ್ಯವಾಗಿ ಕಂಡುದು ಮಂದಿರಗಳ ವಾಸ್ತು: ಕಂಬದ ಮೇಲೆ ತಪಸ್ಸು ಮಾಡಿ 459ರಲ್ಲಿ ತೀರಿಕೊಂಡ ಸಿಮೆಯೋನನ ಸುತ್ತ ಶಿಲುಬೆಯಾಕಾರದಲ್ಲಿ ಎದ್ದ ನಾಲ್ಕು ಮಂದಿರಗಳು, ಕಲ್ಬ್ ಲೋಜೆಯ ಅಗಲವಾದ ಕಮಾನುಗಳು. ಜಾರ್ಜ್ ಚಾಲೆಂಕೊ 1953ರಿಂದ 1958ರವರೆಗೆ ಪ್ರಕಟಿಸಿದ ಮೂರು ಸಂಪುಟಗಳಲ್ಲಿ ದೃಷ್ಟಿ ಬೇರೆಯಾಯಿತು. ಈ ಮಂದಿರಗಳಿಗೆ ಹಣ ಎಲ್ಲಿಂದ ಬಂದಿತು? ಆಲಿವ್ ಎಣ್ಣೆಯಿಂದ ಎಂದನು ಚಾಲೆಂಕೊ. ಎಣ್ಣೆಯ ಗಾಣಗಳನ್ನೂ ದಾರಿಗಳನ್ನೂ ಹೊಲಗಳ ಎಲ್ಲೆಗಳನ್ನೂ ನಕ್ಷೆಗಿಳಿಸಿದನು. ಎಪ್ಪತ್ತರ ದಶಕದಲ್ಲಿ ದೆಹೆಸ್ ಎಂಬ ಹಳ್ಳಿಯನ್ನು ಅಗೆದ ಸೊದಿನಿ ಮತ್ತು ತಾತ್, ಧಾನ್ಯವೂ ದನಕರುಗಳೂ ಅಲ್ಲಿಯ ಬದುಕಿಗೆ ಅಷ್ಟೇ ಆಧಾರವಾಗಿದ್ದುವೆಂದು ತೋರಿಸಿ ಆತನ ಮತವನ್ನು ತಿದ್ದಿದರು. ಕ್ರೈಸ್ತಮತವು ರಾಜಾಜ್ಞೆಯ ಮೂಲಕವಷ್ಟೇ ಅಲ್ಲದೆ, ಸುಗ್ಗಿ ಒಳ್ಳೆಯದಾದ ವರ್ಷ ತಮ್ಮೂರಿಗೊಂದು ಮಂದಿರ ಬೇಕೆಂದ ರೈತರ ಮೂಲಕವೂ ಬೆಳೆಯಿತೆಂಬ ಅರಿವು ಈ ಬೆಟ್ಟಗಳಲ್ಲಿ ಬರುವಷ್ಟು ಸ್ಪಷ್ಟವಾಗಿ ಯೆರೂಸಲೇಮಿನಲ್ಲಿ ಬಾರದು.

ಇತ್ತೀಚಿನ ಸಂಗತಿಗಳೂ ಇದೇ ಜಾಡಿನವು. 2005ರಲ್ಲಿ ಮೆಗಿದ್ದೋ ಸೆರೆಮನೆಯನ್ನು ವಿಸ್ತರಿಸಲು ಹೊರಟಾಗ ಕೈದಿಗಳೇ ಅಗೆದು ತೆಗೆದ ಚಿತ್ರನೆಲದಲ್ಲಿ, ವೆಚ್ಚ ಕೊಟ್ಟ ರೋಮನ್ ಸೇನಾಧಿಕಾರಿ ಗಯಾನಸನ ಹೆಸರೂ, ದೇವರಾದ ಯೇಸುಕ್ರಿಸ್ತನಿಗೆ ಮೇಜನ್ನು ಅರ್ಪಿಸಿದ ಅಕೆಪ್ಟೂಸ್ ಎಂಬಾಕೆಯ ಹೆಸರೂ ಕಂಡುವು. ಅಗೆದವರು ಅದನ್ನು 230ರ ಸುಮಾರಿನದೆನ್ನುತ್ತಾರೆ; ಇನ್ನೂ ಈಚಿನದೆನ್ನುವವರೂ ಇದ್ದಾರೆ. 2016ರಲ್ಲಿ ಯೆರೂಸಲೇಮಿನಲ್ಲಿ ಕ್ರಿಸ್ತನದೆಂದು ಪೂಜೆಗೊಳ್ಳುವ ಸಮಾಧಿಯ ಅಮೃತಶಿಲೆಯ ಹಾಸನ್ನು ಎತ್ತಿ ಪರೀಕ್ಷಿಸಿದ ಗಾರೆಯ ಕಾಲ 345ರ ಆಸುಪಾಸೆಂದು ತಿಳಿಯಿತು; ಎಂದರೆ ಕಾನ್‌ಸ್ಟಂಟೈನನ ಕಾಲದ ಕಟ್ಟಡಕ್ಕೆ ಅದು ಸಾಕ್ಷಿ, ಅದಕ್ಕಿಂತ ಹಿಂದಿನದಕ್ಕಲ್ಲ.

ಸಿರಿಯದ ಹಳ್ಳಿಗಳನ್ನು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ 2011ರಲ್ಲಿಯೇ ಆ ದೇಶದಲ್ಲಿ ಯುದ್ಧ ಮೊದಲಾಯಿತು. 2013ರಲ್ಲಿ ಅವು ಅಪಾಯದ ಪಟ್ಟಿಗೂ ಸೇರಿದುವು. ಡ್ಯೂರಾದ ನೆಲವನ್ನು ಕಳ್ಳರು ತೋಡಿದ ಗುಂಡಿಗಳು ಉಪಗ್ರಹದ ಚಿತ್ರಗಳಲ್ಲಿ ಎದ್ದು ಕಾಣುತ್ತವೆ. ಅಲ್ಲಿಯ ದೀಕ್ಷಾಗೃಹದ ಚಿತ್ರಗಳನ್ನು ಅಮೆರಿಕದ ಯೇಲಿಗೆ ಸಾಗಿಸಿದುದು ನ್ಯಾಯವೇ ಎಂಬ ಪ್ರಶ್ನೆ ಹಿಂದೆಯೂ ಇತ್ತು, ಈಗಲೂ ಇದೆ. ಆದುದರಿಂದ ಇಂದು ಈ ಪ್ರವಾಸವನ್ನು ಯೋಜಿಸುವವರು ಒಂದು ಭಾಗವನ್ನು ವಸ್ತುಸಂಗ್ರಹಾಲಯಗಳಿಗೂ ಗ್ರಂಥಾಲಯಗಳಿಗೂ ಮೀಸಲಿಡುವುದು ಅನಿವಾರ್ಯ. ಬಟ್ಲರನು ಅಳೆದ ಕಟ್ಟಡಗಳಲ್ಲಿ ಕೆಲವು ಯುದ್ಧಕ್ಕೆ ಬಹಳ ಮೊದಲೇ ಊರವರ ಹೊಸ ಗೋಡೆಗಳಿಗೆ ಕಲ್ಲಾಗಿ ಹೋಗಿದ್ದುವು, ಅವುಗಳ ಮಟ್ಟಿಗೆ ಆತನ ಅಳತೆಚಿತ್ರಗಳೇ ಈಗಿನ ನೆಲೆ.