ಹಿಟ್ನಾಳ ಅಂದ್ರ ಎಷ್ಟು ಅಕ್ಷರ? (ಕನ್ನಡ ಮತ್ತು ಕಂಪ್ಯೂಟರ್, ಭಾಗ 4)

ಒಂದು ಸಣ್ಣ ಪ್ರಶ್ನೆ. ಹಿಟ್ನಾಳ ಅನ್ನೋ ಹೆಸರಿನಾಗ ಎಷ್ಟು ಅಕ್ಷರ ಅದಾವ? ನೀವು ಹಿ, ಟ್ನಾ, ಳ ಅಂತ 3 ಎಣಿಸ್ತೀರಿ. ಪೈಥಾನ್‌ನ ಲೆನ್ ಫಂಕ್ಷನ್ 7 ಅಂತೈತಿ. ಯುಟಿಎಫ್-8 ಫೈಲಿನಾಗ ಇದೇ ಹೆಸರು 21 ಬೈಟ್ ಹಿಡಿತೈತಿ. ಮೂರೂ ಸರಿ! ಕನ್ನಡಕ್ಕ ಕೋಡ್ ಬರೆಯೋರ ಅರ್ಧ ತಲೆನೋವು ಇಲ್ಲಿಂದನ ಶುರು. ಯಾಕ ಅಂತ ತಿಳಿಬೇಕಂದ್ರ ಹಿಂದಕ್ಕ ಹೋಗಬೇಕು.

ಭಾಳ ದೂರ ಬೇಡ, ಕೊಪ್ಪಳಕ್ಕ ಬರ್ರಿ. ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ 3ನೇ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆ ಲಿಪಿಯಲ್ಲಿ ಸ್ವರದ ಗುರುತು ವ್ಯಂಜನಕ್ಕೇ ಅಂಟುತ್ತದೆ. ಎರಡು ವ್ಯಂಜನ ಕೂಡಿದರೆ ಒಂದರ ಕೆಳಗೊಂದು ಕೂರುತ್ತವೆ. ನಮ್ಮ ಗುಣಿತ, ಒತ್ತಕ್ಷರ ಬಂದದ್ದು ಅದೇ ದಾರಿಯಿಂದ.

ಆದರೆ 1963ರ ಆಸ್ಕಿ ಸಂಕೇತದಲ್ಲಿ ಇದ್ದದ್ದು ಬರೀ 128 ಮನೆ, ಅದೂ ಇಂಗ್ಲಿಷಿಗೆ. ಕನ್ನಡದವರು ಸುಮ್ಮನೆ ಕೂರಲಿಲ್ಲ. ಕೆ.ಪಿ. ರಾವ್ ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಆಗಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲೇ ಕನ್ನಡದ ತುಂಡು ಆಕಾರಗಳನ್ನು ಕೂರಿಸಿದ್ದರು. ಡಿಟಿಪಿ ಅಂಗಡಿ, ಕಚೇರಿ ಎಲ್ಲ ನಡೆದದ್ದು ಅದರ ಮೇಲೇನೇ.

ಪ್ರಶ್ನೆ 1: ಹಳೇ ನುಡಿ ಫೈಲ್ ತೆಗೆದ್ರ ಇಂಗ್ಲಿಷ್ ಅಕ್ಷರ ಕಲಸಿದಂಗ ಕಾಣ್ತೈತಲ್ಲ?
ಫೈಲ್ ಕೆಟ್ಟಿಲ್ಲ. ಒಳಗಿರೋದೇ ಆ ಸಂಕೇತ, ಫಾಂಟ್ ಮಾತ್ರ ಇಲ್ಲ. ಫಾಂಟ್ ಹಾಕಿದ್ರ ಕಣ್ಣಿಗೆ ಕನ್ನಡ, ಹುಡುಕಾಟಕ್ಕ ಅಲ್ಲ. ಯೂನಿಕೋಡ್‌ಗೆ ಪರಿವರ್ತಿಸ್ರಿ, ಆಮೇಲೆ ಅರ್ಕಾವತ್ತನ್ನ ಒಮ್ಮೆ ನೋಡ್ರಿ. ‘ಕರ್ನಾಟಕ’ದಾಗ ಅರ್ಕಾವತ್ತು ಬರೆಯೋದು ನಾ ಆದಮೇಲೆ, ಉಚ್ಚರಿಸೋದು ಮೊದಲು. ಹಳೇ ಫೈಲು ಬರೆದ ಕ್ರಮ ಇಡ್ತೈತಿ, ಯೂನಿಕೋಡ್ ಉಚ್ಚಾರದ ಕ್ರಮ ಇಡ್ತೈತಿ.

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಅಲ್ಲಿ ಟ್ನಾ ಅನ್ನೋ ಆಕಾರಕ್ಕೆ ಬೇರೆ ಮನೆ ಇಲ್ಲ. ಟ, ಹಲಂತ, ನ, ಆ-ಕಾರದ ಗುರುತು, ಇಷ್ಟೇ ದಾಖಲೆ. ಕೂಡಿಸಿ ಬರೆಯೋದು ಫಾಂಟಿನ ಕೆಲಸ. ಅದಕ್ಕೇ 7. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ಅದಕ್ಕೇ 21.

ಪ್ರಶ್ನೆ 2: ಹೆಸರು ನಡುವೆ ಯಾಕ ಕತ್ತರಿಸ್ತೈತಿ?
10 ಬೈಟ್ ಮಿತಿ ಇದ್ರ ಹಿಟ್ನಾಳ ‘ಹಿಟ’ ಆಗ್ತೈತಿ, ಪಕ್ಕಕ್ಕ ಒಂದು ಮುರಿದ ಬೈಟ್. ಬೈಟ್ ಎಣಿಸಿ ಕತ್ತರಿಸಬ್ಯಾಡ್ರಿ, ಮಿತಿ ಧಾರಾಳ ಇಡ್ರಿ.

ಪ್ರಶ್ನೆ 3: ಎರಡೂ ‘ಕೊಪ್ಪಳ’ನ, ಆದ್ರ ಸಮ ಅಲ್ಲ ಅಂತೈತಲ್ಲ?
‘ಕೊ’ದ ಒ-ಕಾರವನ್ನ ಒಂದೇ ಸಂಕೇತವಾಗಿ ಇಡಬಹುದು, ಎ-ಕಾರ ಮತ್ತು ಊ-ಕಾರದ ಎರಡು ಗುರುತಾಗಿಯೂ ಇಡಬಹುದು. ತೆರೆ ಮೇಲೆ ಒಂದೇ. ಹೋಲಿಸೋ ಮೊದಲು, ಉಳಿಸೋ ಮೊದಲು ಎರಡನ್ನೂ ಎನ್‌ಎಫ್‌ಸಿ ರೂಪಕ್ಕ ತರ್ರಿ.

ಬಿಕಾಂ ಓದೋರಿಗೆ ಇದೆಲ್ಲ ಯಾಕ ಅಂತೀರೇನು? ಲೆಡ್ಜರಿನಾಗ ಒಬ್ಬನೇ ಗಿರಾಕಿ ಎರಡು ಖಾತೆ ಆದ್ರ ಬಾಕಿ ತಾಳೆ ಆಗಂಗಿಲ್ಲ. ಹೆಸರು ಹುಡುಕಿದಾಗ ಸಿಗಲಿಲ್ಲ ಅಂದ್ರ, ಆ ಮನುಷ್ಯ ಪಟ್ಟಿಯಲ್ಲೇ ಇಲ್ಲ ಅಂದಂಗ. ಕಲ್ಲಿನ ಮೇಲೆ ಕೆತ್ತಿದವರು ಒತ್ತಕ್ಷರಕ್ಕ ಜಾಗ ಬಿಟ್ಟಿದ್ರು. ಕೋಡ್ ಬರೆಯೋರೂ ಬಿಡಬೇಕು, ಅಷ್ಟ.

ನಿಮ್ಮೂರ ಹೆಸರು ಕಣ್ಣಿಗೆ ಎಷ್ಟು, ಕಂಪ್ಯೂಟರಿಗೆ ಎಷ್ಟು? ಎಣಿಸಿ ಕಾಮೆಂಟ್ ಮಾಡ್ರಿ. ಕುಷ್ಟಗಿಯವರು ಮೊದಲು!

#ಕನ್ನಡ #ಯೂನಿಕೋಡ್ #ಕೊಪ್ಪಳ #ಹಿಟ್ನಾಳ