ಕೆಂಪುಹೊಳೆಯ ಕಪ್ಪೆಗಳು, ಕಾಣೆಯಾದ ಜಾಡಿಗಳು

1937ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಸುಮಾರು ನಲವತ್ತು ಪುಟಗಳ ಒಂದು ಪ್ರಬಂಧ ಅಚ್ಚಾಯಿತು. ವಿಷಯ, ದಕ್ಷಿಣ ಭಾರತದ ಹೊಸ ಕಪ್ಪೆಗಳು. ಬರೆದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ಅವರು ನಿವೃತ್ತರಾದದ್ದೂ ಅದೇ ವರ್ಷ. ಆ ಪುಟಗಳಲ್ಲಿ ಲ್ಯಾಟಿನ್ ಹೆಸರುಗಳ ಪಕ್ಕದಲ್ಲೇ ನಮ್ಮ ಊರುಕೇರಿಯ ಹೆಸರುಗಳು ಸಿಗುತ್ತವೆ: ಹಾಸನ ಜಿಲ್ಲೆಯ ಕೆಂಪುಹೊಳೆ ಘಾಟಿ, ಅಂದಿನ ಕಡೂರು ಜಿಲ್ಲೆಯ ಕೊಟ್ಟಿಗೆಹಾರ.

ಅರಸೀಕೆರೆಯವರಿಗೆ ಕೆಂಪುಹೊಳೆ ಎಂದರೆ ಬೇರೆ ಲೋಕವೇ ಸರಿ. ಜಿಲ್ಲೆ ಒಂದೇ ಆದರೂ ಅರಸೀಕೆರೆಯದು ತೆಂಗು, ರಾಗಿಯ ಬಯಲುಸೀಮೆ. ಮಳೆಗಾಗಿ ಆಕಾಶ ನೋಡುವ ನೆಲ. ಹಳೇಬೀಡು ದಾಟಿ ಬೇಲೂರಿಗೆ ಬಂದರೆ ಯಗಚಿ ಹರಿಯುತ್ತದೆ, ಮಣ್ಣಿನ ಬಣ್ಣ ಬದಲಾಗುತ್ತದೆ, ಕಾಫಿ ತೋಟಗಳ ಸುಳಿವು ಸಿಗುತ್ತದೆ. ಸಕಲೇಶಪುರ ದಾಟಿ ಘಟ್ಟ ಇಳಿಯತೊಡಗಿದರೆ ನೀರಿನ ದಿಕ್ಕೇ ತಿರುಗುತ್ತದೆ. ಯಗಚಿ, ಹೇಮಾವತಿಗಳು ಪೂರ್ವಕ್ಕೆ ಹೊರಟು ಕಾವೇರಿ ಸೇರಿದರೆ, ಕೆಂಪುಹೊಳೆ ಪಶ್ಚಿಮಕ್ಕೆ ಧುಮುಕಿ ಗುಂಡ್ಯ, ಕುಮಾರಧಾರಾ, ನೇತ್ರಾವತಿಯ ದಾರಿ ಹಿಡಿಯುತ್ತದೆ. ಇಂದು ಮಂಗಳೂರಿನ ಹೆದ್ದಾರಿಯಲ್ಲಿ ಹೋಗುವವರು ಈ ಹೊಳೆಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಅರಸೀಕೆರೆ ಜಂಕ್ಷನ್‌ನಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ರೈಲು ಹಾಯುವುದೂ ಇದೇ ಘಟ್ಟದ ಕಾಡನ್ನೇ. ಆದರೆ ಆ ಘಟ್ಟದ ರೈಲುಹಳಿ ಬಂದದ್ದು 1970ರ ದಶಕದ ಕೊನೆಗೆ. ರಾವ್ ಅವರ ಕಾಲದಲ್ಲಿ ಅದಿರಲಿಲ್ಲ.

ನಾರಾಯಣ ರಾವ್ ಹುಟ್ಟಿದ್ದು 1882ರಲ್ಲಿ, ಕೊಯಮತ್ತೂರಿನಲ್ಲಿ. ಶಾಲೆ ಓದಿದ್ದು ಬಳ್ಳಾರಿಯಲ್ಲಿ. ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎ. ಮಾಡಿ ಚಿನ್ನದ ಪದಕ ಪಡೆದರು. ಅಲ್ಲಿ ಅವರಿಗೆ ಗುರುವಾಗಿದ್ದವರು ಜೆ.ಆರ್. ಹೆಂಡರ್ಸನ್. ಏಡಿ, ಸೀಗಡಿಗಳ ಮೇಲೆ ಕೆಲಸ ಮಾಡಿ ಹೆಸರಾದ ಈ ಪ್ರಾಧ್ಯಾಪಕರು ಆಮೇಲೆ ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಸೂಪರಿಂಟೆಂಡೆಂಟ್ ಆದರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ನಾಣ್ಯಗಳ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಏಡಿಯಾಗಲಿ ನಾಣ್ಯವಾಗಲಿ, ವಸ್ತುವನ್ನು ಕೈಯಲ್ಲಿ ಹಿಡಿದು, ಅಳೆದು, ಎಲ್ಲಿಂದ ಬಂತೆಂದು ಬರೆದಿಟ್ಟು, ಮುಂದಿನವರು ನೋಡುವಂತೆ ಕಾಪಿಡುವುದೇ ಹೆಂಡರ್ಸನ್ನರ ಕಸುಬು. ಶಿಷ್ಯನ ಬರಹದಲ್ಲಿ ಈ ಶಿಸ್ತು ಎದ್ದು ಕಾಣುತ್ತದೆ.

ಕೊಯಮತ್ತೂರು, ಎರ್ನಾಕುಲಂಗಳಲ್ಲಿ ಪಾಠ ಹೇಳಿ ರಾವ್ ಬೆಂಗಳೂರಿಗೆ ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿ ನಿಲ್ಲಿಸಿದವರೇ ಅವರು. ಅಂದಿನ ಪಠ್ಯಪುಸ್ತಕದ ಕಪ್ಪೆ ಯುರೋಪಿನ ಕಪ್ಪೆ. ನಮ್ಮ ಹುಡುಗರು ನಮ್ಮ ನೆಲದ ಪ್ರಾಣಿಗಳನ್ನೇ ನೋಡಿ ಕಲಿಯಬೇಕೆಂಬುದು ರಾವ್ ಅವರ ಪಟ್ಟು. 1910ರ ದಶಕದಲ್ಲೇ ಅವರು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಪತ್ರಿಕೆಗೆ ಗೊದಮೊಟ್ಟೆಗಳ ಬಗ್ಗೆ ಬರೆಯುತ್ತಿದ್ದರು. 1920ರಲ್ಲಿ ಕೊಡಗಿನ ಕಾವೇರಿ ಮೂಲದ ಪವಿತ್ರ ಜೌಗಿನಿಂದ ಒಂದು ಹೊಸ ಕಪ್ಪೆಯನ್ನು ವರ್ಣಿಸಿದರು, ತುಂಗಾ ನದಿಯ ಒಂದು ಮೀನಿಗೂ ಹೆಸರಿಟ್ಟರು. ವಿಭಾಗವೂ ಬೆಳೆಯಿತು. ಕಪ್ಪೆಗಳ ತಲೆಬುರುಡೆಯ ರಚನೆಯನ್ನು ಬಿಡಿಸಿ ನೋಡಿದ ಎಲ್.ಎಸ್. ರಾಮಸ್ವಾಮಿ, ಮಣ್ಣಿನೊಳಗೆ ಬದುಕುವ ಕಾಲಿಲ್ಲದ ಉಭಯವಾಸಿಗಳನ್ನು ಅಭ್ಯಾಸ ಮಾಡಿ ಮುಂದೆ ದೆಹಲಿ ವಿಶ್ವವಿದ್ಯಾಲಯಕ್ಕೆ ಹೋದ ಬಿ.ಆರ್. ಶೇಷಾಚಾರ್ ಇಬ್ಬರೂ ಕೆಲಸ ಮಾಡಿದ್ದು ಇದೇ ವಿಭಾಗದಲ್ಲಿ.

ಹೊಸ ಪ್ರಾಣಿಗೆ ಹೆಸರಿಡುವ ವಿಧಾನದಲ್ಲಿ ಬರಹ ಅರ್ಧ ಮಾತ್ರ. ಇನ್ನರ್ಧ ಜಾಡಿಯಲ್ಲಿರುತ್ತದೆ. ವರ್ಣನೆ ಬರೆಯಲು ಮುಂದಿಟ್ಟುಕೊಂಡ ಕಪ್ಪೆಯನ್ನೇ ಸ್ಪಿರಿಟ್ಟಿನಲ್ಲಿ ಮುಳುಗಿಸಿ, ಊರು, ದಿನ, ಹಿಡಿದವರ ಹೆಸರು ಬರೆದ ಚೀಟಿಯನ್ನು ಜೊತೆಗಿಟ್ಟು ಮ್ಯೂಸಿಯಮ್ಮಿನಲ್ಲಿ ಇರಿಸಬೇಕು. ಇದಕ್ಕೆ ಟೈಪ್ ಎನ್ನುತ್ತಾರೆ. ಜಮೀನಿಗೆ ಬಾಂದುಕಲ್ಲು ಹೇಗೋ ಹೆಸರಿಗೆ ಟೈಪ್ ಹಾಗೆ: ಮುಂದೆ ತಕರಾರು ಬಂದರೆ ಅಳತೆ ಶುರುವಾಗುವುದು ಅಲ್ಲಿಂದ. ಸ್ಪಿರಿಟ್ ಮಾತ್ರ ನಿಂತಲ್ಲಿ ನಿಲ್ಲುವ ದ್ರವವಲ್ಲ. ಮುಚ್ಚಳ ಸಡಿಲವಾದರೆ ಆರುತ್ತದೆ. ಆಗಾಗ ತುಂಬಬೇಕು, ಮಾಸಿದ ಚೀಟಿಯನ್ನು ಹೊಸದಾಗಿ ಬರೆಯಬೇಕು. ವರ್ಷಗಟ್ಟಲೆ ಈ ಕೆಲಸ ಮಾಡುವ ಒಬ್ಬ ಕ್ಯುರೇಟರ್ ಬೇಕು, ಅವರ ನಂತರ ಮತ್ತೊಬ್ಬರು ಬೇಕು.

ರಾವ್ ತಮ್ಮ ಟೈಪ್‌ಗಳನ್ನು ಇರಿಸಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಅವು ಈಗ ಇಲ್ಲ. ಕಪ್ಪೆಗಳ ವರ್ಗೀಕರಣದ ಯಾವ ಗ್ರಂಥದಲ್ಲಿ ರಾವ್ ಅವರ ಪ್ರಭೇದಗಳನ್ನು ಹುಡುಕಿದರೂ ಎದುರಾಗುವುದು ಒಂದೇ ಟಿಪ್ಪಣಿ: ಟೈಪ್ ಸೆಂಟ್ರಲ್ ಕಾಲೇಜಿನಲ್ಲಿತ್ತು, ಕಳೆದುಹೋಗಿದೆ. ಕಾಲೇಜು ಮೊದಲು ಮದ್ರಾಸ್ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ. ಪ್ರಾಣಿಶಾಸ್ತ್ರ ವಿಭಾಗ ಈಗ ಇರುವುದು ಜ್ಞಾನಭಾರತಿಯಲ್ಲಿ. ಪಾಠ ಹೇಳುವ ಕಾಲೇಜಿಗೆ ಜಾಡಿಗಳು ಪಾಠೋಪಕರಣ. ಜಗತ್ತಿನ ಲೆಕ್ಕಕ್ಕೆ ಅವು ದಾಖಲೆ. ಇವೆರಡರ ನಡುವಿನ ಅಂತರವನ್ನು ತುಂಬುವ ವ್ಯವಸ್ಥೆ ಅಂದಿನ ಕಾಲೇಜುಗಳಿಗೆ ಇರಲಿಲ್ಲ.

ಇದರಲ್ಲಿ ಒಂದು ಅನ್ಯಾಯವೂ ಆಗಿಹೋಗಿದೆ. ಇದೇ ಪಶ್ಚಿಮ ಘಟ್ಟದ ಕಪ್ಪೆಗಳನ್ನು ಅರಣ್ಯಾಧಿಕಾರಿ ಬೆಡ್ಡೋಮ್‌ನಂಥವರು ಹತ್ತೊಂಬತ್ತನೆಯ ಶತಮಾನದಲ್ಲಿ ಹಿಡಿದು ಲಂಡನ್ನಿಗೆ ಕಳಿಸಿದ್ದರು. ಅಲ್ಲಿ ಕುಳಿತ ಪ್ರಾಣಿಶಾಸ್ತ್ರಜ್ಞ ಬುಲಾಂಜೆ, ಘಟ್ಟವನ್ನು ಹತ್ತದೆಯೇ, 1882ರಲ್ಲಿ ‘ನಿಕ್ಟಿಬಟ್ರಾಕಸ್’ ಎಂಬ ಕುಲವನ್ನು ಸ್ಥಾಪಿಸಿದರು. ರಾತ್ರಿ ಕಪ್ಪೆಗಳೆಂದು ಈಗ ಕರೆಯುವುದು ಇವನ್ನೇ. ಲಂಡನ್ನಿನ ಜಾಡಿಗಳು ಇಂದಿಗೂ ಇವೆ. ಬೇಕಾದವರು ಹೋಗಿ ನೋಡಬಹುದು. ಹೊಳೆಯ ದಂಡೆಗೆ ಹತ್ತಿರವಿದ್ದು, ಇಲ್ಲಿಯೇ ಪಾಠ ಹೇಳುತ್ತ, ಇಲ್ಲಿಯ ಕಪಾಟಿನಲ್ಲೇ ಇರಲೆಂದು ರಾವ್ ಇಟ್ಟ ಜಾಡಿಗಳು ಉಳಿಯಲಿಲ್ಲ. ಸ್ವದೇಶದಲ್ಲಿ ವಿಜ್ಞಾನ ಬೇರೂರಲಿ ಎಂದು ದುಡಿದವರಿಗೆ ಸ್ವದೇಶದ ಕಪಾಟು ಕೈಕೊಟ್ಟಿತು ಎಂಬುದು ನೋವಿನ ಮಾತು.

ಪರಿಣಾಮ ಅನುಭವಿಸಿದವರು ನಂತರದ ತಲೆಮಾರಿನವರು. ರಾವ್ ಕೊಟ್ಟ ಕೆಲವು ಹೆಸರುಗಳನ್ನು ಬೇರೆ ಕಪ್ಪೆಗಳಿಗೆ ಮೊದಲೇ ಇಟ್ಟಾಗಿತ್ತು. ಒಂದೇ ಹೆಸರು ಎರಡು ಪ್ರಾಣಿಗೆ ಸಲ್ಲದು. ಒಡಿಶಾದ ಕಪ್ಪೆತಜ್ಞ ಸುಶೀಲ್ ಕುಮಾರ್ ದತ್ತಾ 1985ರಲ್ಲಿ ಅಂಥ ಎರಡಕ್ಕೆ ಬದಲಿ ಹೆಸರು ಕೊಟ್ಟರು. ಒಂದು ‘ಹಾಸನೆನ್ಸಿಸ್’, ಹಾಸನ ಜಿಲ್ಲೆಯ ಹೆಸರು ಹೀಗೆ ಕಪ್ಪೆಗಳ ಪಟ್ಟಿಗೆ ಸೇರಿತು. ಇನ್ನೊಂದು ‘ಸಿಆರ್‌ಎನ್‌ಆರ್‌ಐ’, ರಾವ್ ಅವರ ಇನಿಷಿಯಲ್‌ಗಳನ್ನೇ ಜೋಡಿಸಿದ್ದು. ಹೆಸರೇನೋ ಸರಿಹೋಯಿತು, ಆದರೆ ಅದು ಯಾವ ಕಪ್ಪೆಯದು ಎಂದು ತೋರಿಸಲು ಜಾಡಿ ಇರಲಿಲ್ಲ. ಹುಲ್ಲು, ಪೊದೆಗಳಲ್ಲಿ ಕೂತು ಟಿಕ್ ಟಿಕ್ ಎನ್ನುವ ಹೆಬ್ಬೆರಳುಗಾತ್ರದ ಕಪ್ಪೆಗಳು ಒಂದರಂತೆ ಒಂದು ಕಾಣುತ್ತವೆ. ಅಚ್ಚಿನ ವರ್ಣನೆಯೊಂದನ್ನೇ ನೆಚ್ಚಿ ಅವನ್ನು ಬೇರ್ಪಡಿಸುವುದು ಕಡುಕಷ್ಟ.

ಇಲ್ಲಿ ನೆರವಿಗೆ ಬಂದದ್ದು ರಾವ್ ಬರೆದಿಟ್ಟ ಊರಿನ ಹೆಸರುಗಳು. ಹಳೆಯ ಸಂಗ್ರಹಕಾರರಲ್ಲಿ ಹಲವರು ‘ಮಲಬಾರ್’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅದು ಯಾವ ಬೆಟ್ಟ, ಯಾವ ಹಳ್ಳ ಎಂದು ಯಾರು ಹೇಳಬೇಕು? ರಾವ್ ಕೆಂಪುಹೊಳೆ ಎಂದರು, ಕೊಟ್ಟಿಗೆಹಾರ ಎಂದರು. ಟೈಪ್ ನಾಶವಾದಾಗ ಹೊಸದನ್ನು ಆರಿಸಲು ಪ್ರಾಣಿನಾಮಕರಣದ ನಿಯಮ ಅವಕಾಶ ಕೊಡುತ್ತದೆ, ಅದಕ್ಕೆ ನಿಯೋಟೈಪ್ ಎನ್ನುತ್ತಾರೆ. ಅದು ಸಾಧ್ಯವಾದಷ್ಟೂ ಮೂಲ ಸ್ಥಳದ ಹತ್ತಿರದಿಂದಲೇ ಬಂದಿರಬೇಕು. ಹಾಗಾಗಿ ರಾವ್ ಅವರ ಪುಟಗಳೇ ದಾರಿ ತೋರುವ ನಕ್ಷೆಯಾದವು. ಕಪ್ಪೆತಜ್ಞ ಎಸ್.ಡಿ. ಬಿಜು ಮತ್ತು ಸಂಗಡಿಗರು ರಾತ್ರಿ ಕಪ್ಪೆಗಳನ್ನೆಲ್ಲ ಮರುಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹನ್ನೆರಡು ಹೊಸ ಪ್ರಭೇದಗಳಿದ್ದವು. ಅದರ ಜೊತೆಗೆ ಕಳೆದೇಹೋದವೆಂದು ಎಣಿಸಿದ್ದ ಕೆಲವು ಹಳೆಯವೂ ಮರಳಿ ಸಿಕ್ಕಿದ್ದವು: ಕೊಡಗಿನ ಜೌಗಿನ ಕಪ್ಪೆ 91 ವರ್ಷಗಳ ಮೇಲೆ, ಕೆಂಪುಹೊಳೆಯ ಕಪ್ಪೆ ಮುಕ್ಕಾಲು ಶತಮಾನದ ಮೇಲೆ. 2014ರಲ್ಲಿ ಕುಣಿಯುವ ಕಪ್ಪೆಗಳ ಸರದಿ. ಹಳ್ಳದ ಸದ್ದಿನಲ್ಲಿ ಕೂಗು ಕೇಳದೆಂದು ಇವುಗಳ ಗಂಡು ಹಿಂಗಾಲನ್ನು ಚಾಚಿ ಬೀಸಿ ಸಂಜ್ಞೆ ಮಾಡುತ್ತದೆ. ರಾವ್ ಕೊಟ್ಟಿಗೆಹಾರದ ಹೆಸರಿನಲ್ಲಿ ವರ್ಣಿಸಿದ ಕಪ್ಪೆ ಈ ಗುಂಪಿನದೇ.

ರಾವ್ ಬಿಟ್ಟುಹೋದ ಕಾಗದದಲ್ಲಿ ಅತಿ ದೊಡ್ಡದು ಕಪ್ಪೆಯದ್ದಲ್ಲ. 1932ರ ಜುಲೈನಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಎಂಬ ಪತ್ರಿಕೆ ಹೊರಟಿತು. ಅದರ ಮೊದಲ ಸಂಪಾದಕರು ಅವರು. ಭಾರತದ ವಿಜ್ಞಾನಿಗಳು ತಮ್ಮ ಫಲಿತಾಂಶಗಳನ್ನು ವಿದೇಶಕ್ಕೆ ಕಳಿಸಿ ಕಾಯದೆ ಇಲ್ಲಿಯೇ ಬೇಗ ಪ್ರಕಟಿಸಲೆಂದು ಹುಟ್ಟಿದ ಆ ಪತ್ರಿಕೆ ಇಂದಿಗೂ ನಡೆಯುತ್ತಿದೆ. 2010ರಲ್ಲಿ ಬಿಜು ಮತ್ತು ಜೊತೆಗಾರರು ಪೊದೆಗಪ್ಪೆಗಳ ಒಂದು ಹೊಸ ಕುಲವನ್ನು ಗುರುತಿಸಿ ‘ರಾವೋರ್ಕೆಸ್ಟಿಸ್’ ಎಂದು ರಾವ್ ಅವರ ನೆನಪಿಗೆ ಹೆಸರಿಟ್ಟರು. ಅದು ಪ್ರಕಟವಾದದ್ದೂ ‘ಕರೆಂಟ್ ಸೈನ್ಸ್’ನಲ್ಲೇ. ಈಗ ಆ ಕುಲದಲ್ಲಿ 70ಕ್ಕೂ ಹೆಚ್ಚು ಪ್ರಭೇದಗಳಿವೆ. ಗೊದಮೊಟ್ಟೆಗಳನ್ನು ಬಿಡದೆ ಅಭ್ಯಾಸ ಮಾಡಿದ ರಾವ್ ಅವರ ಹೆಸರು ಹೊತ್ತ ಈ ಕಪ್ಪೆಗಳಿಗೆ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆಯೇ ಹೊರಬರುತ್ತದೆ.

ಇಂದು ಹೊಸ ಪ್ರಭೇದ ಕಂಡವರು ಮಾದರಿಯನ್ನು ಮನೆಯಲ್ಲೋ ಕಾಲೇಜಿನಲ್ಲೋ ಇಟ್ಟುಕೊಳ್ಳುವಂತಿಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಅಲ್ಲಿಯೇ ಒಪ್ಪಿಸಬೇಕು. ಪ್ರಾಣಿಗಳ ಮಟ್ಟಿಗೆ ಅಂಥ ಒಂದು ಭಂಡಾರ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ. ವಿಜ್ಞಾನಿಗಳ ಪತ್ರ, ಟಿಪ್ಪಣಿ ಪುಸ್ತಕ, ಫೋಟೋಗಳಿಗೂ 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಆವರಣದಲ್ಲಿ ಒಂದು ಸಾರ್ವಜನಿಕ ದಾಖಲಾಗಾರ ತೆರೆಯಿತು. ನಿವೃತ್ತ ಪ್ರಾಧ್ಯಾಪಕರ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಸಿಗುವ ಕಟ್ಟುಗಳಿಗೆ ಈಗೊಂದು ವಿಳಾಸವಿದೆ. ಹಾಸನ, ಅರಸೀಕೆರೆ, ಬೇಲೂರಿನಂಥ ಊರುಗಳ ಕಾಲೇಜುಗಳೂ ತಮ್ಮ ಪ್ರಯೋಗಾಲಯದ ಕಪಾಟುಗಳಲ್ಲಿ ಏನಿದೆ ಎಂಬ ಪಟ್ಟಿಯನ್ನು ಮಾಡಿಟ್ಟರೆ ಅದೂ ದೊಡ್ಡ ಕೆಲಸವೇ.

ಜಾಡಿ ಹೋದಾಗ ಊರಿನ ಹೆಸರು ಕಾಪಾಡಿತು. ಆದರೆ ಆ ಹೆಸರಿನ ಹಿಂದಿನ ಹೊಳೆ, ಕಾಡು ಇರಬೇಕಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಪರಿಸರ ತಜ್ಞ ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ಸಮಿತಿ 2011ರಲ್ಲಿ ಹೇಳಿತು. ಅದೇ ಜಲಾನಯನದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಅಡ್ಡ ಕಟ್ಟಿ ನೀರನ್ನು ಪೂರ್ವಕ್ಕೆ ಎತ್ತುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದಲ್ಲಿ ಚಾಲನೆ ಪಡೆಯಿತು. ಆ ಕಾಲುವೆಯ ದಾರಿ ಬೇಲೂರು, ಅರಸೀಕೆರೆ ತಾಲ್ಲೂಕುಗಳ ಮೇಲೆ ಹಾದು ತುಮಕೂರಿನತ್ತ ಹೋಗುತ್ತದೆ. ಬಯಲುಸೀಮೆಯ ಬಾಯಾರಿಕೆ ಸಣ್ಣದಲ್ಲ. ತೆಂಗು ಒಣಗುವುದನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಘಟ್ಟದ ಹಳ್ಳಗಳ ಕಲ್ಲಿನ ಸಂದಿಯಲ್ಲಿ ಬದುಕುವ ಕಪ್ಪೆಗಳಿಗೂ ಹರಿಯುವ ನೀರೇ ಆಧಾರ. 1937ರ ಪ್ರಬಂಧ ಅಕಾಡೆಮಿಯ ಜಾಲತಾಣದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿದೆ. ಅದರಲ್ಲಿ ಕೆಂಪುಹೊಳೆಯದೆಂದು ಬರೆದ ಹೆಸರುಗಳಲ್ಲಿ ಕೆಲವು ಯಾವ ಕಪ್ಪೆಯವು ಎಂಬುದು ಇನ್ನೂ ಗೊತ್ತಾಗಿಲ್ಲ. ಅವುಗಳನ್ನು ಹುಡುಕುವವರು ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹೋಗಬೇಕಾದದ್ದು ಅದೇ ಘಾಟಿಗೇ.