ಮಾಂಸವು ಮೂಳೆಯಾಗುವ ರೋಗದ ಚರಿತ್ರೆ

ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳಲ್ಲಿ ಒಂದೊಂದೂ ತನ್ನ ಹಿಂದಿನದರಿಂದ ಪುಷ್ಟಿಯನ್ನು ಪಡೆಯುವುದೆಂದು ನಮ್ಮ ಆಯುರ್ವೇದವು ಹೇಳುವುದು. ಹೀಗೆ ಪರಸ್ಪರ ಪೋಷಕವಾಗಿದ್ದರೂ ಧಾತುಗಳು ತಮ್ಮ ತಮ್ಮ ಸ್ಥಾನವನ್ನು ಬಿಟ್ಟು ಕದಲುವುದಿಲ್ಲ. ಮಾಂಸವು ಮಾಂಸವಾಗಿಯೂ ಮೂಳೆಯು ಮೂಳೆಯಾಗಿಯೂ ಇರುವುದೇ ದೇಹಧರ್ಮ. ಆದರೆ ಈ ಧರ್ಮವು ತಪ್ಪಿ, ಇದ್ದ ಮಾಂಸವೇ ಎಲುಬಾಗಿ ಮಾರ್ಪಡುವ ಒಂದು ರೋಗವುಂಟು. ಹತ್ತು ಲಕ್ಷ ಜನರಲ್ಲಿ ಒಬ್ಬರಿಗೋ, ಅದಕ್ಕಿಂತಲೂ ವಿರಳವಾಗಿಯೋ ಬರುವ ಇದನ್ನು ವೈದ್ಯರು ಫೈಬ್ರೊಡಿಸ್ಪ್ಲೇಸಿಯಾ ಆಸಿಫಿಕನ್ಸ್ ಪ್ರೊಗ್ರೆಸಿವಾ ಎಂದು ಕರೆಯುವರು. ಇಷ್ಟು ವಿರಳವಾದ ವ್ಯಾಧಿಯ ವೃತ್ತಾಂತವು ನಮಗೇಕೆಂದು ವಾಚಕರು ಕೇಳಬಹುದು. ರೋಗವು ಮಾಡಿದ ಕೇಡಿಗೆ ಚಿಕಿತ್ಸೆಯೂ ತನ್ನ ಪಾಲಿನ ಕೇಡನ್ನು ಬಹುಕಾಲ ಸೇರಿಸುತ್ತ ಬಂದುದು ಈ ವೃತ್ತಾಂತದ ಮುಖ್ಯ ವಿಷಯ. ಅದು ಎಲ್ಲರೂ ತಿಳಿಯಬೇಕಾದುದು.

1736ನೆಯ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಸೇಂಟ್ ಬಾರ್ಥಾಲೊಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯನಾದ ಜಾನ್ ಫ್ರೀಕನು ಅಲ್ಲಿನ ರಾಯಲ್ ಸೊಸೈಟಿಗೆ ಒಂದು ಪತ್ರವನ್ನು ಬರೆದನು. ಸುಮಾರು ಹದಿನಾಲ್ಕು ವರ್ಷದ, ನೋಟಕ್ಕೆ ಆರೋಗ್ಯವಂತನಾದ ಹುಡುಗನೊಬ್ಬನು ಬೆನ್ನಿನ ತುಂಬ ಗಂಟುಗಳನ್ನು ಹೊತ್ತು ಬಂದಿದ್ದನು. ಮೂರು ವರ್ಷಗಳ ಹಿಂದೆ ತೋರಿದ ಆ ಗಂಟುಗಳು ಕತ್ತಿನಿಂದ ತ್ರಿಕಾಸ್ಥಿಯವರೆಗೆ ಹಬ್ಬಿ, ಪಕ್ಕೆಲುಬುಗಳಿಂದ ಹೊರಟ ಕವಲುಗಳೊಡನೆ ಹವಳದ ರೆಂಬೆಗಳಂತೆ ಹೆಣೆದುಕೊಂಡು, ಬೆನ್ನಿಗೆ ಎಲುಬಿನ ಕವಚವನ್ನೇ ತೊಡಿಸಿದ್ದುವು. ಏನು ಮಾಡಬೇಕೆಂದು ಹುಡುಗನು ಕೇಳಿದನು. ಅದಕ್ಕೆ ಉತ್ತರವು ಆಗ ಯಾರಲ್ಲಿಯೂ ಇರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ರೋಗಿಗಳ ವಿವರಗಳು ಒಂದೊಂದಾಗಿ ಸೇರಿದುವು. 1869ರಲ್ಲಿ ಜರ್ಮನಿಯ ಮ್ಯೂಂಖ್‌ಮೇಯರನು ಅವುಗಳನ್ನು ಕ್ರಮವಾಗಿ ನಿರೂಪಿಸಿದುದರಿಂದ ಕೆಲವು ಕಾಲ ಈ ರೋಗಕ್ಕೆ ಅವನ ಹೆಸರೇ ನಿಂತಿತು. ಸ್ನಾಯುವಿನ ಉರಿಯೂತವೇ ಇದರ ಮೂಲವೆಂದು ಆಗಿನವರು ಭಾವಿಸಿದ್ದರು. ಸ್ನಾಯುಗಳನ್ನು ಬಂಧಿಸುವ ಸಂಯೋಜಕ ಧಾತುವಿನಲ್ಲಿಯೇ ದೋಷವಿರುವುದೆಂದು ಕಂಡು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ವಿಕ್ಟರ್ ಮೆಕ್ಯೂಸಿಕ್ ಎಂಬ ವಿದ್ವಾಂಸನು ಈಗಿನ ಹೆಸರನ್ನು ರೂಢಿಗೆ ತಂದನು.

ರೋಗದ ನಡೆ ವಿಚಿತ್ರವಾದುದು. ಶಿಶುವು ಹುಟ್ಟುವಾಗ ಸರ್ವಾಂಗವೂ ಸರಿಯಾಗಿರುವುದು. ಕಾಲಿನ ಹೆಬ್ಬೆರಳುಗಳು ಮಾತ್ರ ಗಿಡ್ಡಾಗಿ ಒಳಕ್ಕೆ ವಾಲಿರುವುವು. ಮೊದಲ ಹತ್ತು ವರ್ಷಗಳೊಳಗೆ ಸಾಮಾನ್ಯವಾಗಿ ಕತ್ತು ಬೆನ್ನುಗಳ ಮೇಲೆ ನೋವಿನ ಬಾವುಗಳು ಏಳುವುವು. ಬಾವು ಇಳಿದೆಡೆಯಲ್ಲಿ ಎಲುಬು ನಿಲ್ಲುವುದು. ಅದು ಮೇಲಿನಿಂದ ಕೆಳಕ್ಕೆ, ನಡುಮೈಯಿಂದ ಕೈಕಾಲುಗಳಿಗೆ ವ್ಯಾಪಿಸುತ್ತ ಭುಜ, ಮೊಣಕೈ, ಸೊಂಟ, ಮಂಡಿಗಳಿಗೆ ಒಂದೊಂದಾಗಿ ಬೀಗ ಹಾಕುವುದು. ದವಡೆ ಬಿಗಿದರೆ ಉಣ್ಣುವುದು ಕಷ್ಟ. ಎದೆಗೂಡು ಬಿಗಿದರೆ ಉಸಿರಾಟವೇ ಕಷ್ಟ. ಆದರೂ ನಾಲಗೆ, ಕಣ್ಣಿನ ಸ್ನಾಯುಗಳು, ವಪೆ, ಹೃದಯ, ಇಷ್ಟನ್ನು ರೋಗವು ಮುಟ್ಟುವುದಿಲ್ಲ. ಬುದ್ಧಿಯು ಪೂರ್ಣವಾಗಿ ಎಚ್ಚರವಾಗಿದ್ದು, ತನ್ನ ದೇಹವು ಕಲ್ಲಾಗುವುದನ್ನು ತಾನೇ ನೋಡುತ್ತಿರುವುದು. ಅಹಲ್ಯೆಗಾದರೂ ಶಾಪದಿಂದ ವಿಮೋಚನೆಯುಂಟೆಂಬ ಭರವಸೆಯಿತ್ತು.

ಇದಕ್ಕಿಂತ ಕ್ರೂರವಾದುದು ಇನ್ನೊಂದು ಗುಣ. ಬಿದ್ದ ಪೆಟ್ಟು, ಸ್ನಾಯುವಿಗೆ ಚುಚ್ಚಿದ ಸೂಜಿ, ಶಸ್ತ್ರಕ್ರಿಯೆ, ಇವೆಲ್ಲವೂ ಹೊಸ ಎಲುಬಿಗೆ ಬೀಜವಾಗುವುವು. ಬೆಳೆದ ಎಲುಬನ್ನು ಕತ್ತರಿಸಿ ತೆಗೆದರೆ ಅದೇ ಸ್ಥಳದಲ್ಲಿ ಮತ್ತಷ್ಟು ಬೆಳೆಯುವುದು. ಮಗುವಿನ ಬೆನ್ನಿನ ಬಾವನ್ನು ಅರ್ಬುದವೆಂದು ಶಂಕಿಸಿ, ಪರೀಕ್ಷೆಗಾಗಿ ಮಾಂಸದ ತುಣುಕನ್ನು ಕತ್ತರಿಸಿದ ವೈದ್ಯರು ಸದುದ್ದೇಶದಿಂದಲೇ ಆ ಮಗುವಿನ ಚಲನೆಯನ್ನು ಕಸಿದರು. 2005ರಲ್ಲಿ ಪ್ರಕಟವಾದ, 138 ರೋಗಿಗಳ ಸಮೀಕ್ಷೆಯೊಂದರಲ್ಲಿ ಶೇಕಡಾ 87 ಮಂದಿಗೆ ಮೊದಲು ತಪ್ಪು ರೋಗನಿರ್ಣಯವಾಗಿದ್ದಿತೆಂದು ತಿಳಿದುಬಂದಿತು. ಹೆಬ್ಬೆರಳಿನ ಗುರುತು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗ್ರಂಥಗಳಲ್ಲಿ ದಾಖಲಾಗಿತ್ತೆಂಬುದನ್ನು ನೆನೆದಾಗ ಮನಸ್ಸು ನೋಯದೆ ಇರದು.

ಫಿಲಡೆಲ್ಫಿಯಾ ನಗರದಲ್ಲಿ 1933ರಲ್ಲಿ ಹುಟ್ಟಿದ ಹ್ಯಾರಿ ಈಸ್ಟ್‌ಲ್ಯಾಕನ ಬಾಳು ಇದಕ್ಕೆ ನಿದರ್ಶನ. ಚಿಕ್ಕಂದಿನಲ್ಲಿ ಅವನ ಕಾಲು ಮುರಿಯಿತು. ಮುರಿದುದು ಸರಿಯಾಗಿ ಕೂಡಲಿಲ್ಲ. ಸೊಂಟವೂ ಮಂಡಿಯೂ ಬಿಗಿದುವು. ಎಲುಬನ್ನು ತೆಗೆಯಲು ಹಲವು ಸಲ ಶಸ್ತ್ರಕ್ರಿಯೆ ನಡೆಯಿತು; ಪ್ರತಿಸಲವೂ ಎಲುಬು ಮರಳಿ ಬೆಳೆಯಿತು. ಕೊನೆಗೆ ತುಟಿಗಳನ್ನು ಮಾತ್ರ ಆಡಿಸಬಲ್ಲವನಾಗಿ, ನಲವತ್ತು ತುಂಬಲು ಕೆಲವೇ ದಿನಗಳಿದ್ದಾಗ, 1973ರ ನವೆಂಬರಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡನು. ಸಾಯುವ ಮುನ್ನ ಅವನು ತನ್ನ ಅಸ್ಥಿಪಂಜರವನ್ನು ಶಾಸ್ತ್ರಜ್ಞರ ಪರಿಶೀಲನೆಗಾಗಿ ಕೊಟ್ಟನು. ಅದು ಆ ನಗರದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿದೆ. ಇತರ ಅಸ್ಥಿಪಂಜರಗಳನ್ನು ತಂತಿಯಿಂದ ಬಿಗಿದು ನಿಲ್ಲಿಸಬೇಕು; ಇದಾದರೋ ಬಹುಮಟ್ಟಿಗೆ ತಾನಾಗಿಯೇ ನಿಲ್ಲುವುದು. ದಧೀಚಿಯು ಲೋಕಹಿತಕ್ಕಾಗಿ ಬೆನ್ನೆಲುಬನ್ನಿತ್ತ ಕಥೆಯನ್ನು ಕೇಳಿ ಬೆಳೆದ ನಮಗೆ ಈ ದಾನದ ಅರ್ಥವನ್ನು ವಿವರಿಸಬೇಕಾಗಿಲ್ಲ.

ಇನ್ನು ಕಾರಣದ ಶೋಧನೆಯ ವಿಷಯ. ಮಾಂಸದಲ್ಲಿ ಎಲುಬನ್ನು ಹುಟ್ಟಿಸಬಲ್ಲ ಶಕ್ತಿಯೊಂದು ಸ್ವಸ್ಥ ದೇಹದಲ್ಲಿಯೂ ಅಡಗಿರುವುದು. ಸುಣ್ಣದಂಶವನ್ನು ತೆಗೆದ ಎಲುಬಿನ ಚೂರನ್ನು ಪ್ರಾಣಿಗಳ ಸ್ನಾಯುವಿನಲ್ಲಿ ಹುದುಗಿಸಿ, ಅಲ್ಲಿ ಹೊಸ ಎಲುಬು ಹುಟ್ಟುವುದನ್ನು ಮಾರ್ಷಲ್ ಯೂರಿಸ್ಟನು 1965ರಲ್ಲಿ ತೋರಿಸಿಕೊಟ್ಟನು. ಆ ಶಕ್ತಿಯನ್ನು ಹತೋಟಿಯಲ್ಲಿಟ್ಟಿರುವ ಬೀಗವು ಈ ರೋಗಿಗಳಲ್ಲಿ ಎಲ್ಲಿ ಸಡಿಲವಾಗಿದೆಯೆಂಬುದೇ ಪ್ರಶ್ನೆ. ರೋಗಿಯ ಸಂತಾನಕ್ಕೆ ಇದು ಬರುವ ಸಂಭವವು ಎರಡರಲ್ಲೊಂದು. ಆದರೆ ರೋಗಿಗಳಲ್ಲಿ ಮಕ್ಕಳನ್ನು ಪಡೆದವರು ತೀರ ಕಡಿಮೆ. ಆದಕಾರಣ ಬಹುಪಾಲು ಮನೆಗಳಲ್ಲಿ ಇದು ಹಿರಿಯರಲ್ಲಿಲ್ಲದೆ, ಬೀಜದಲ್ಲಿಯೇ ಹೊಸದಾಗಿ ಉಂಟಾದ ವ್ಯತ್ಯಾಸದಿಂದ ಒಮ್ಮೆಲೆ ತೋರುವುದು. ತಂದೆತಾಯಿಗಳ ಯಾವ ನಡತೆಯೂ ಇದಕ್ಕೆ ಕಾರಣವಲ್ಲ. ತಲೆಮಾರುಗಳಲ್ಲಿ ಇಳಿದುಬಂದ ಮನೆತನಗಳು ಬೆರಳೆಣಿಕೆಯಷ್ಟಿದ್ದುದರಿಂದ ಶೋಧಕರಿಗೆ ಹಾದಿಯೇ ಸಿಕ್ಕದಂತಿತ್ತು.

ಇಂಥ ಸಮಯದಲ್ಲಿ, ತಾನೂ ರೋಗಿಯಾದ ಜೀನಿ ಪೀಪರ್ ಎಂಬ ಅಮೆರಿಕದ ಮಹಿಳೆಯು ಪತ್ರಗಳ ಮೂಲಕ ತನ್ನಂಥವರನ್ನು ಹುಡುಕಿ 1988ರಲ್ಲಿ ಒಂದು ಸಂಘವನ್ನು ಕಟ್ಟಿದಳು. ಒಬ್ಬಂಟಿಗರಾಗಿದ್ದವರು ಒಟ್ಟುಗೂಡಿದರು, ಅವರ ಮನೆತನಗಳ ರಕ್ತದ ಮಾದರಿಗಳು ದೊರೆತುವು. ಈಸ್ಟ್‌ಲ್ಯಾಕನ ನಗರದಲ್ಲಿಯೇ ಇರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಕ್ಯಾಪ್ಲನ್, ಐಲೀನ್ ಶೋರ್ ಮೊದಲಾದವರು ವರ್ಷಗಟ್ಟಲೆ ದುಡಿದು, 2006ರಲ್ಲಿ ದೋಷದ ನೆಲೆಯನ್ನು ಕಂಡುಹಿಡಿದರು. ಎಸಿವಿಆರ್1 ಎಂಬ ಜೀನು ರೂಪಿಸುವ ಪ್ರೋಟೀನಿನಲ್ಲಿ 509 ಅಮೈನೋ ಆಮ್ಲಗಳು ಸರಪಳಿಯಂತಿರುವುವು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ 206ನೆಯ ಕೊಂಡಿಯಲ್ಲಿ ಆರ್ಜಿನೀನಿಗೆ ಬದಲಾಗಿ ಹಿಸ್ಟಿಡೀನು ನಿಂತಿರುವುದು. ಅಕ್ಷರವೊಂದು ತಪ್ಪಿದುದರಿಂದ ದೇಹದ ಅರ್ಥವೇ ಬೇರೆಯಾಯಿತು.

ರೋಗವನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧವು ಇನ್ನೂ ದೊರೆತಿಲ್ಲ. ಹೊಸ ಎಲುಬಿನ ಬೆಳವಣಿಗೆಯನ್ನು ತಗ್ಗಿಸುವ ಪಾಲೊವರೊಟೀನ್ ಎಂಬ ಮದ್ದಿಗೆ 2022ರಲ್ಲಿ ಕೆನಡಾದಲ್ಲಿಯೂ 2023ರಲ್ಲಿ ಅಮೆರಿಕದಲ್ಲಿಯೂ ಒಪ್ಪಿಗೆ ದೊರೆಯಿತು. ಅದು ಎಳೆಯರ ಮೂಳೆಗಳ ಸಹಜ ಬೆಳವಣಿಗೆಯನ್ನೂ ತಡೆಯಬಹುದಾದುದರಿಂದ ತೀರ ಚಿಕ್ಕ ಮಕ್ಕಳಿಗೆ ಕೊಡುವಂತಿಲ್ಲ.

ಔಷಧಕ್ಕಿಂತ ಮೊದಲೇ ಒದಗುವ ರಕ್ಷಣೆಯೆಂದರೆ ತಿಳುವಳಿಕೆ. ಹೆಬ್ಬೆರಳು ಡೊಂಕಾದ ಶಿಶುಗಳೆಲ್ಲಕ್ಕೂ ಈ ರೋಗವಿರುವುದಿಲ್ಲ. ಹಾಗೆಂದು ಯಾರೂ ಅಂಜಬೇಕಾಗಿಲ್ಲ. ಆದರೆ ಹುಟ್ಟಿನಿಂದ ಎರಡು ಕಾಲುಗಳ ಹೆಬ್ಬೆರಳೂ ಹಾಗಿದ್ದು, ಮುಂದೆ ಕತ್ತಿನಲ್ಲೋ ಬೆನ್ನಿನಲ್ಲೋ ಬಾವು ತೋರಿದರೆ, ಶಸ್ತ್ರವನ್ನಾಗಲಿ ಸ್ನಾಯುವಿನೊಳಗೆ ಸೂಜಿಯನ್ನಾಗಲಿ ಪ್ರಯೋಗಿಸುವ ಮುನ್ನ ಆ ಬೆರಳುಗಳನ್ನು ವೈದ್ಯರಿಗೆ ತೋರಿಸಬೇಕು. ರೋಗದ ನಿರ್ಣಯಕ್ಕೆ ಈಗ ರಕ್ತದ ಪರೀಕ್ಷೆಯೇ ಸಾಕು.